ಫಕ್ಕೀರಪ್ಪ ಕಾಕಾನ ದವಾಖಾನೆ ವ್ಯಾಪಾರ

ಫಕ್ಕೀರಪ್ಪ ಕಾಕಾ ದರ ಮಾತಾಡುವುದು ಬಾಯಿಂದಲ್ಲ, ಬೆರಳಿನಿಂದ. ಹಾವೇರಿ ದನದ ಸಂತೆಯಲ್ಲಿ ಅವರು ದಲ್ಲಾಳಿ. ಅಲ್ಲಿ ಎದುರಿನವರ ಕೈಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿಯಬೇಕು. ಒಂದು ಬೆರಳಿಗೆ ಒಂದು ಸಾವಿರ. ಈ ಚಟ ಊರಿಗೂ ಬಂತು. ನಮ್ಮ ಮೋಟೆಬೆನ್ನೂರಿನಲ್ಲಿ ಬಳೆಗಾರನಿಂದ ಹಿಡಿದು ಕಂಡಕ್ಟರನವರೆಗೆ ಯಾರ ಕೈಯನ್ನೂ ಅವರು ಬಿಟ್ಟವರಲ್ಲ. "ಹೇಳಿದ ದರಕ್ಕ ಹೂಂ ಅನ್ನೂದಾದ್ರ ನಾ ಯಾಕ ಬೇಕೋ ತಮ್ಮಾ?" ಎನ್ನುತ್ತಿದ್ದರು.

ಊರಿಗೆ ಮೊಬೈಲ್ ಆಗಷ್ಟೇ ಬಂದ ಕಾಲ. ನಮ್ಮವ್ವನಿಗೆ ಅಪೆಂಡಿಕ್ಸ್ ಆಯಿತು. ರಾಣೇಬೆನ್ನೂರಿನ ಖಾಸಗಿ ದವಾಖಾನೆಯಲ್ಲಿ ಆಪರೇಷನ್ನಿಗೆ ಹನ್ನೆರಡು ಸಾವಿರ, ಅದೂ ಮೊದಲೇ ಕಟ್ಟಬೇಕೆಂದರು. ವಿಮೆಯೆಂದರೆ ಲಾರಿಗೆ ಮಾಡಿಸುವುದು ಎಂದು ತಿಳಿದಿದ್ದ ಮನೆ ನಮ್ಮದು. ನನ್ನ ಹತ್ತಿರ ಇದ್ದದ್ದು ಒಂಬತ್ತು ಸಾವಿರ. ಅವ್ವ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು.

ಜೊತೆಗೆ ಬಂದಿದ್ದ ಕಾಕಾ ಸೀದಾ ಡಾಕ್ಟರ ಕೋಣೆಗೆ ನುಗ್ಗಿ, ಅವರ ಕೈಮೇಲೆ ಟವೆಲ್ ಹೊದಿಸಿ, ಮೊದಲು ಐದು, ಆಮೇಲೆ ಎರಡು ಬೆರಳು ಹಿಸುಕಿದರು.

"ಕೈ ನಡಗಾಕತ್ತಾವೇನ್ರಿ ಯಜಮಾನ್ರ?" ಎಂದು ಡಾಕ್ಟರು ಟವೆಲ್ಲಿನೊಳಗೇ ಕಾಕಾನ ನಾಡಿ ಹಿಡಿದರು.

ಕಾಕಾ ಬೆಚ್ಚಿದರು. "ಮಣಿಕಟ್ಟಿಗೆ ಎಷ್ಟ್ರೀ? ನಮ್ಮ ಸಂತ್ಯಾಗ ಬೆರಳಿಗಷ್ಟ ದರ ಐತಿ!"

ಡಾಕ್ಟರು ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ವ್ಯಾಪಾರ ತೋಳಿನವರೆಗೆ ಏರಿದ್ದು ಕಂಡು ಕಾಕಾ ಬೆವೆತುಹೋದರು.

ಹಿಂದೆಯೇ ಒಳಗೆ ಹೋಗಿದ್ದ ನಾನು ಬಿಡಿಸಿ ಹೇಳಿದ ಮೇಲೆ ಡಾಕ್ಟರು ಮೇಜು ಬಡಿದು ನಕ್ಕರು. "ಹಿಡೀರಿ, ಈಗ ಹಿಡೀರಿ" ಎಂದು ತಾವೇ ಕೈ ಕೊಟ್ಟರು. ಏಳರಿಂದ ಶುರುವಾದದ್ದು ಒಂಬತ್ತಕ್ಕೆ ನಿಂತಿತು. ಅವ್ವನ ಆಪರೇಷನ್ ಅವತ್ತೇ ಆಯಿತು, ಅವ್ವ ಉಳಿದಳು.

ಹೊರಡುವಾಗ ಡಾಕ್ಟರು ಕಾಕಾನನ್ನು ನಿಲ್ಲಿಸಿದರು. "ನಿಮಗ ಬಿಪಿ ಭಾಳ ಐತ್ರಿ. ದಿನಾ ಒಂದು ಗುಳಿಗಿ ತಗೋಬೇಕು. ಇದರಾಗ ಚೌಕಾಶಿ ಇಲ್ಲ."

ಒಂದೆರಡು ತಿಂಗಳ ಮೇಲೆ ಕಾಕಾ ಸಂತೆಯಲ್ಲಿ ಸಿಕ್ಕರು. "ಗುಳಿಗಿ ತಗೋತೀರೇನ್ ಕಾಕಾ?" ಎಂದೆ.

"ತಗೋತೇನೋ. ಡಾಕ್ಟರು ದಿನಕ್ಕೊಂದು ಅಂದ್ರು, ನಾ ವಾರಕ್ಕೊಂದಕ್ಕ ಇಳಿಸೇನಿ. ದಿನಾ ರೊಕ್ಕ ಕೊಟ್ಟು ನುಂಗೂದು ನಮಗೆಲ್ಲಿ ಪರವಡಸ್ತೈತಿ?"

ನಾನು ಬಿದ್ದು ಬಿದ್ದು ನಕ್ಕೆ. ಮನೆಗೆ ಹೋಗಿ ಅವ್ವನಿಗೆ ಹೇಳಿ ಅವಳನ್ನೂ ನಗಿಸಿದೆ.

ಆ ವರ್ಷ ದೀಪಾವಳಿಗೆ ಮುಂಚೆ ಕಾಕಾ ಸಂತೆಯಲ್ಲೇ ಕುಸಿದರು. ತಲೆಯೊಳಗೆ ನರ ಒಡೆದಿತ್ತಂತೆ. ದವಾಖಾನೆ ಮುಟ್ಟುವ ತನಕವೂ ಜೀವ ಉಳಿಯಲಿಲ್ಲ. ತಿಂಗಳಿಗಾಗುವಷ್ಟು ಗುಳಿಗೆ ತಿಂಗಳಿಗೊಮ್ಮೆ ನಾನೇ ಕೊಡಿಸಬಹುದಿತ್ತು. ನಕ್ಕು ಬಂದೆ.