ಕೀಪರನ ಕೈಗೆ ಕೆಂಪು ಪೆನ್ನು

ಗುರುವಾಯನಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾಗದ, ಆಧಾರ್ ಕಾರ್ಡಿನ ನಕಲು, ಕಾಲೇಜು ಮಕ್ಕಳ ಪ್ರಾಜೆಕ್ಟು, ಇವೇ ನನ್ನ ಅನ್ನ. ಅದರ ಜೊತೆಗೆ ಹನ್ನೆರಡು ವರ್ಷ ನಮ್ಮೂರ ಫುಟ್‌ಬಾಲ್ ತಂಡಕ್ಕೊಂದು ಪತ್ರಿಕೆಯನ್ನೂ ನಡೆಸಿದೆ. ಪತ್ರಿಕೆ ಎಂದರೆ ದೊಡ್ಡ ಹಾಳೆಯೊಂದನ್ನು ಮಡಚಿ ಮಾಡಿದ ನಾಲ್ಕು ಪುಟ, ಕಪ್ಪು ಬಿಳುಪು, ಪಂದ್ಯಕ್ಕೆ ನೂರೈವತ್ತು ಪ್ರತಿ. ಕಬಡ್ಡಿ ಮತ್ತು ಅಂಡರ್‌ಆರ್ಮ್ ಕ್ರಿಕೆಟ್ಟಿಗೆ ಜೀವ ಬಿಡುವ ಈ ಸೀಮೆಯಲ್ಲಿ ಫುಟ್‌ಬಾಲಿಗೆ ಪತ್ರಿಕೆ ಯಾಕೆ ಎಂದು ಕೇಳಿದವರಿಗೆ, ಮೆಷಿನ್ ನನ್ನದು, ಕಾಗದ ನನ್ನದು, ನಿಮಗೇನು ಕಷ್ಟ ಎನ್ನುತ್ತಿದ್ದೆ. ಮೊದಲಿನಿಂದಲೂ ನಾನು ಸ್ವಲ್ಪ ಉಡಾಫೆಯ ಮನುಷ್ಯ.

ನಮ್ಮ ತಂಡದಲ್ಲಿ ಆಡುತ್ತಿದ್ದವರು ಬೆಳ್ತಂಗಡಿ, ಬಂಟ್ವಾಳ ಕಡೆಯ ಹುಡುಗರು. ಬಸ್ಸಿನ ಕಂಡಕ್ಟರ್, ರಬ್ಬರ್ ಟ್ಯಾಪಿಂಗ್ ಮಾಡುವವ, ಗಲ್ಫಿನಿಂದ ರಜೆಯಲ್ಲಿ ಬಂದು ಎರಡು ಪಂದ್ಯ ಆಡಿ ಮತ್ತೆ ವಿಮಾನ ಹತ್ತುವವ. ಪತ್ರಿಕೆಯ ಮೊದಲ ಮೂರು ಪುಟಗಳಲ್ಲಿ ಪಂದ್ಯದ ವರದಿ, ಮುಂದಿನ ಪಂದ್ಯದ ದಿನ, ಒಂದೆರಡು ಜಾಹೀರಾತು. ಅವನ್ನು ಓದಿದವರು ನನಗೆ ಇದುವರೆಗೆ ಸಿಕ್ಕಿಲ್ಲ. ಎಲ್ಲರೂ ನೇರ ಕೊನೆ ಪುಟಕ್ಕೆ ಹೋಗುತ್ತಿದ್ದರು. ಅಲ್ಲಿ ನಾನು ಪಂದ್ಯಕ್ಕೊಬ್ಬರಂತೆ ನಮ್ಮದೇ ಆಟಗಾರನ ಕಾಲೆಳೆಯುತ್ತಿದ್ದೆ.

ಮೊದಲ ಸಂಚಿಕೆಯಲ್ಲಿ ಚಡ್ಡಿಯ ಲಾಡಿ ಕಟ್ಟುತ್ತ ನಿಂತು ಎದುರಾಳಿಯನ್ನು ದಾಟಿ ಹೋಗಲು ಬಿಟ್ಟ ಒಬ್ಬ ಡಿಫೆಂಡರ್ ಸಿಕ್ಕಿದ. ಅವನ ಬಗ್ಗೆ ಅರ್ಧ ಪುಟ ಬರೆದು, ನಾನೇ ಓದಿಕೊಂಡು ನಕ್ಕು, ಹಂಚಿದೆ. ಮೂರನೇ ದಿನ ಅವನ ತಾಯಿ ರೇಶನ್ ಕಾರ್ಡಿನ ಜೆರಾಕ್ಸಿಗೆ ಬಂದರು. ಕೆಲಸ ಮುಗಿದರೂ ಹೋಗಲಿಲ್ಲ. “ನನ್ನ ಮಗ ಎರಡು ದಿನದಿಂದ ಸರಿ ಉಣ್ಲಿಲ್ಲ. ನಂಗೆ ಓದ್ಲಿಕ್ಕೆ ಬರುದಿಲ್ಲ. ನೀವು ಎಂತ ಬರ್ದಿದ್ದೀರಿ, ಒಮ್ಮೆ ಓದಿ ಹೇಳಿ” ಎಂದರು. ಹಾಳೆ ಅಲ್ಲೇ ಮೇಜಿನ ಮೇಲಿತ್ತು. ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಏನೋ ತಮಾಷೆ ಅಮ್ಮ, ಇನ್ನು ಬರೆಯುವುದಿಲ್ಲ ಎಂದು ಹೇಳಿ ಕಳಿಸಿದೆ.

ಬರೆಯುವುದನ್ನು ಬಿಡಲಿಲ್ಲ, ಆದರೆ ಒಂದು ನಿಯಮ ಮಾಡಿಕೊಂಡೆ. ಯಾರ ಬಗ್ಗೆ ಬರೆದಿದ್ದೇನೋ ಅವನನ್ನು ಕರೆದು ಪಕ್ಕದ ಹೋಟೆಲಿನಲ್ಲಿ ಕೂರಿಸುವುದು, ಚಹಾ ಮತ್ತು ಒಂದು ಪ್ಲೇಟು ಗೋಳಿಬಜೆ ತರಿಸುವುದು, ಕೊನೆ ಪುಟದ ಪ್ರೂಫನ್ನೂ ಒಂದು ಕೆಂಪು ಪೆನ್ನನ್ನೂ ಅವನ ಕೈಗೆ ಕೊಡುವುದು. ಬೇಡ ಅನಿಸಿದ್ದನ್ನು ಅವನು ಹೊಡೆದು ಹಾಕಬಹುದು. ಹೊಡೆದದ್ದು ಅಚ್ಚಾಗುವುದಿಲ್ಲ, ತಿದ್ದಿದ್ದು ತಿದ್ದಿದಂತೆ ಅಚ್ಚಾಗುತ್ತದೆ. ಯಾಕೆ ಹೊಡೆದೆ ಎಂದು ನಾನು ಕೇಳುವಂತಿಲ್ಲ.

ವಿಚಿತ್ರವೆಂದರೆ ಯಾರೂ ಹೆಚ್ಚು ಹೊಡೆಯುತ್ತಿರಲಿಲ್ಲ. ಪೆನ್ನು ಕೈಯಲ್ಲಿದೆ ಎನ್ನುವುದೇ ಅವರಿಗೆ ಸಾಕಾಗುತ್ತಿತ್ತು. ಒಬ್ಬ ಫಾರ್ವರ್ಡ್ ಇಡೀ ಪುಟದಲ್ಲಿ ‘ಹೊಟ್ಟೆ’ ಎಂಬ ಒಂದೇ ಶಬ್ದವನ್ನು ಹೊಡೆದು, ಮಿಕ್ಕಿದ್ದೆಲ್ಲ ಇರಲಿ ಎಂದ. ಅವನಿಗೆ ಆಗ ಹುಡುಗಿ ನೋಡುತ್ತಿದ್ದರು. ಇನ್ನೊಬ್ಬ ನನ್ನ ತಮಾಷೆ ಸಪ್ಪೆಯಾಯಿತೆಂದು ತನ್ನ ಮೇಲೆ ತಾನೇ ನಾಲ್ಕು ಸಾಲು ಸೇರಿಸಿದ.

ನಮ್ಮ ಕೀಪರ್ ಮಾತ್ರ ಒಂದು ಸಲವೂ ಪೆನ್ನಿನ ಮುಚ್ಚಳ ತೆಗೆದವನಲ್ಲ. ಅವನು ಮಾಣಿ ಪೇಟೆಯ ಕಡೆಯ ಬ್ಯಾರಿ ಹುಡುಗ, ಬಂಟ್ವಾಳದ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ ಮತ್ತು ಅಕ್ಕ. ಹತ್ತೊಂಬತ್ತಕ್ಕೆ ತಂಡಕ್ಕೆ ಬಂದವ ಏಳು ವರ್ಷ ನಮ್ಮ ಗೋಲಿನಲ್ಲಿ ನಿಂತ. ಕೊನೆ ಪುಟಕ್ಕೆ ಅತಿ ಹೆಚ್ಚು ಸಲ ಬಂದವನೂ ಅವನೇ. ಪ್ರೂಫ್ ಕೈಗೆ ಕೊಟ್ಟರೆ ಎದ್ದು ನಿಂತು ಇಡೀ ಹೋಟೆಲಿಗೆ ಕೇಳುವಂತೆ ಓದುತ್ತಿದ್ದ, ಚಹಾ ಕುಡಿಯುತ್ತಿದ್ದವರು ಕೆಮ್ಮುವಷ್ಟು ನಗುತ್ತಿದ್ದರು. ಪೆನ್ನನ್ನು ಹಾಗೇ ವಾಪಸ್ ಕೊಟ್ಟು “ಹಾಕಿ ಅಣ್ಣ, ಎಂತ ತೊಂದ್ರೆ ಇಲ್ಲ” ಎನ್ನುತ್ತಿದ್ದ. ಅವನು ಹೇಗೆ ಆಡುತ್ತಿದ್ದ ಎನ್ನುವುದರ ಬಗ್ಗೆ ಇಲ್ಲಿ ಒಂದು ಇಡೀ ಪ್ಯಾರಾ ಇತ್ತು. ಈಗ ಇಲ್ಲ. ಅದು ಹೇಗೆ ಹೋಯಿತೆಂದು ಕೊನೆಯಲ್ಲಿ ಹೇಳುತ್ತೇನೆ.

ಕಾಗದ ಓದುವವರು ಕಡಿಮೆಯಾದರು. ಮೈದಾನದಲ್ಲಿ ಹಂಚಿದ ಪ್ರತಿಗಳ ಮೇಲೆ ಜನ ಕೂರತೊಡಗಿದರು. ತಂಡದ ಹುಡುಗರೇ ನನ್ನ ಫೋನಿನಲ್ಲಿ ಒಂದು ಪೇಜು ಮಾಡಿಕೊಟ್ಟರು. ದುಬೈಯಿಂದ, ದಮ್ಮಾಮಿನಿಂದ ನಮ್ಮೂರವರು ಅದನ್ನು ನೋಡಿ ನಗುವ ಮುಖಗಳನ್ನು ಕಳಿಸುವಾಗ ನನಗೆ ಬಂದ ಜಂಬವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಐವತ್ತು ದಾಟಿದ ಮೇಲೆ ನಾನು ಇದ್ದಕ್ಕಿದ್ದಂತೆ ದೊಡ್ಡ ಜನ ಆಗಿಬಿಟ್ಟಿದ್ದೆ. ಶುರುವಿನಲ್ಲಿ ಅಲ್ಲೂ ನಿಯಮ ಪಾಲಿಸಿದೆ, ಹಾಕುವ ಮೊದಲು ಆಟಗಾರನಿಗೆ ವಾಟ್ಸಾಪ್ ಮಾಡಿ ಕೇಳುತ್ತಿದ್ದೆ. ಅವನು ಉತ್ತರಿಸುವುದರೊಳಗೆ ಬೇರೆ ಪೇಜಿನವರು ಅದೇ ದೃಶ್ಯವನ್ನು ಹಾಕಿರುತ್ತಿದ್ದರು. ನಾಲ್ಕು ಸಲ ಹೀಗಾಯಿತು. ಐದನೇ ಸಲದಿಂದ ನಾನು ಕೇಳುವುದನ್ನು ಬಿಟ್ಟೆ.

ಹೀಗಿರುವಾಗ ಒಂದು ಟೂರ್ನಮೆಂಟಿನ ಫೈನಲ್ ಮೂಡುಬಿದಿರೆ ಕಡೆಯ ಒಂದು ಮೈದಾನದಲ್ಲಿ, ಭಾನುವಾರ ಸಂಜೆ ನಾಲ್ಕರ ಬಿಸಿಲಿನಲ್ಲಿ ನಡೆಯಿತು. ಮಿಜಾರಿನ ಕಾಲೇಜುಗಳ ಹುಡುಗರೆಲ್ಲ ಬಂದು ಗೋಲಿನ ಹಿಂದೆ ನಿಂತಿದ್ದರು. ಅವರ ನಡುವೆ ಫೋನ್ ಹಿಡಿದು ನಾನೂ ನಿಂತಿದ್ದೆ. ನಾವು ಒಂದು ಗೋಲಿನಿಂದ ಮುಂದಿದ್ದೆವು, ಎಂಟು ನಿಮಿಷ ಬಾಕಿ ಇತ್ತು. ನಡುಗೆರೆಯ ಹತ್ತಿರ ಎದುರಾಳಿಗಳಿಗೆ ಫ್ರೀ ಕಿಕ್ ಸಿಕ್ಕಿತು. ಅಷ್ಟು ದೂರದಿಂದ ಯಾರು ಗೋಲಿಗೆ ಹೊಡೆಯುತ್ತಾರೆ? ನಮ್ಮ ಕೀಪರ್‌ನ ಎಡಗೈ ಗ್ಲೌಸಿನ ಪಟ್ಟಿ ಸಡಿಲಾಗಿತ್ತು. ಇನ್ನೊಂದು ಕೈಯಲ್ಲೂ ಗ್ಲೌಸು ಇದ್ದುದರಿಂದ ಅವನು ತಲೆ ಬಗ್ಗಿಸಿ ಪಟ್ಟಿಯನ್ನು ಹಲ್ಲಿನಿಂದ ಎಳೆಯುತ್ತಿದ್ದ. ಅದು ಅವನ ಹಳೆಯ ಅಭ್ಯಾಸ. ಎದುರಾಳಿ ಕಾಯದೆ ಹೊಡೆದ. ಚೆಂಡು ಜಲ್ಲಿಯ ಮೇಲೆ ಪುಟಿಯುತ್ತ ಬಂತು. ಇವನು ತಲೆ ಎತ್ತುವಾಗ ಅದು ಪಕ್ಕದಿಂದ ದಾಟಿ ಆಗಿತ್ತು.

ನನ್ನ ಫೋನಿನಲ್ಲಿ ಅದು ಪೂರ್ತಿ ದಾಖಲಾಗಿತ್ತು. ನಿಂತಲ್ಲೇ ಅದರ ಕೆಳಗೆ ಬರೆದೆ: “ಕೀಪರ್ ಊಟ ಮಾಡುತ್ತಿದ್ದಾರೆ, ದಯವಿಟ್ಟು ತೊಂದರೆ ಕೊಡಬೇಡಿ.” ಬರೆದು ಹಾಕಿದೆ. ಪಂದ್ಯ ಇನ್ನೂ ಮುಗಿದಿರಲಿಲ್ಲ. ನಾನು ಯಾರ ಬಗ್ಗೆ ಬರೆದಿದ್ದೆನೋ ಅವನು ನನ್ನಿಂದ ಹತ್ತು ಹೆಜ್ಜೆ ಮುಂದೆ, ನನಗೆ ಬೆನ್ನು ಹಾಕಿ ನಿಂತಿದ್ದ.

ಪಂದ್ಯ ಸಮವಾಗಿ ಟೈ ಬ್ರೇಕರಿಗೆ ಹೋಯಿತು, ಅದೂ ಅದೇ ಗೋಲಿನಲ್ಲಿ. ಅಷ್ಟರಲ್ಲಿ ನನ್ನ ಸುತ್ತಲಿನ ಹುಡುಗರ ಫೋನುಗಳಲ್ಲೆಲ್ಲ ನನ್ನ ವೀಡಿಯೊ ಓಡುತ್ತಿತ್ತು. ಮೊದಲ ಕಿಕ್ಕಿಗೆ ಒಬ್ಬ “ಊಟ ಆಯ್ತಾ?” ಎಂದು ಕೂಗಿದ. ಎರಡನೆಯದಕ್ಕೆ ಎಲ್ಲರೂ ಕೂಗಿದರು. ಕೀಪರ್ ಒಮ್ಮೆ ಹಿಂತಿರುಗಿ ನೋಡಿದ, ಅವರು ಏನು ಹೇಳುತ್ತಿದ್ದಾರೆಂದು ಅವನಿಗೆ ಗೊತ್ತಾಗಲಿಲ್ಲ. ನಾಲ್ಕು ಕಿಕ್ಕುಗಳಲ್ಲಿ ಒಂದಕ್ಕೂ ಅವನು ಹಾರಲಿಲ್ಲ, ನಾವು ಸೋತೆವು. ನಾನು ಆ ಗುಂಪಿನಲ್ಲಿ ಸುಮ್ಮನೆ ನಿಂತಿದ್ದೆ, ಬಾಯಿ ಮುಚ್ಚಿ ಎಂದು ಒಬ್ಬನಿಗೂ ಹೇಳಲಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಅವನು ಫೋನ್ ತೆರೆದ. ನೋಡಿದ, ಇನ್ನೊಮ್ಮೆ ನೋಡಿದ, ನಕ್ಕ. “ಪ್ರೂಫ್ ತೋರಿಸ್ಲಿಲ್ಲ ಅಲ್ವಾ ಅಣ್ಣ?” ಎಂದ. ಅರ್ಜೆಂಟಿನಲ್ಲಿ ಆಯಿತು ಮಾರಾಯ ಎಂದೆ ನಾನು. ಬೇರೆ ಏನು ಹೇಳಬೇಕಿತ್ತೆಂದು ಇವತ್ತಿಗೂ ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ನಾನು ಅದನ್ನು ತೆಗೆದೆ. ತೆಗೆದದ್ದು ನನ್ನ ಪೇಜಿನಿಂದ ಮಾತ್ರ. ಅಷ್ಟರಲ್ಲಿ ಯಾರೋ ಅದಕ್ಕೆ ಹಾಡು ಸೇರಿಸಿದ್ದರು, ಯಾರೋ ಅವನು ಹಲ್ಲಿನಲ್ಲಿ ಪಟ್ಟಿ ಕಚ್ಚಿದ ಮುಖವನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿದ್ದರು. ದುಡ್ಡು ತಿಂದು ಪಂದ್ಯ ಬಿಟ್ಟ ಎಂದು ಒಬ್ಬ ಬರೆದ, ಹೌದೌದು ಎಂದು ಹತ್ತು ಜನ ಸೇರಿಕೊಂಡರು. ನನ್ನ ನೂರೈವತ್ತು ಪ್ರತಿಗಳು ಎಲ್ಲಿ ಹೋದವು ಎಂದು ನನಗೆ ಗೊತ್ತಿರುತ್ತಿತ್ತು. ಮುಂದಿನ ವಾರಕ್ಕೆ ಅವುಗಳಲ್ಲಿ ಕಡಲೆ ಕಟ್ಟಿ ಮಾರುತ್ತಿದ್ದರು. ಈ ವೀಡಿಯೊ ಗಲ್ಫಿನಲ್ಲಿ ಅವನ ತಂದೆಯ ರೂಮಿಗೂ ಹೋಗಿ ಮುಟ್ಟಿತು. ತಂದೆ ಫೋನ್ ಮಾಡಿ ವೀಡಿಯೊದ ಮಾತೇ ಎತ್ತದೆ, ಸ್ವಲ್ಪ ದಿನ ಆಟ ಬಿಡು ಎಂದಷ್ಟೇ ಹೇಳಿದರಂತೆ.

ಊಟ ಆಯ್ತಾ ಎಂದು ಕೇಳದೆ ನಮ್ಮೂರಲ್ಲಿ ಮಾತು ಶುರುವಾಗುವುದಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮಸೀದಿಯ ಹೊರಗೆ, ಪ್ರೀತಿಯಿಂದ ಕೇಳುವವರೂ ಅದನ್ನೇ ಕೇಳುತ್ತಾರೆ. ಯಾರು ಪ್ರೀತಿಯಿಂದ ಕೇಳಿದರು, ಯಾರು ಕೆಣಕಲು ಕೇಳಿದರು ಎಂದು ಅವನಿಗೆ ತಿಳಿಯದಾಯಿತು. ಟೈಲ್ಸ್ ನೋಡಲು ಬಂದ ಗಿರಾಕಿಗಳೂ ಕೇಳುತ್ತಿದ್ದರು. ಮೊದಲು ಅವನು ನಾಲ್ಕು ಜನರ ಎದುರು ಊಟ ಮಾಡುವುದನ್ನು ಬಿಟ್ಟ, ಆಮೇಲೆ ಅಂಗಡಿಯ ಕೆಲಸ ಬಿಟ್ಟ. ಮೈದಾನಕ್ಕೆ ಬರುವುದನ್ನು ಫೈನಲ್ಲಿನ ಮರುವಾರವೇ ನಿಲ್ಲಿಸಿದ್ದ.

ಇದೆಲ್ಲ ನನಗೆ ಗೊತ್ತಾದದ್ದು ಅವನ ಅಕ್ಕನಿಂದ. ಒಂದು ಮಧ್ಯಾಹ್ನ ಅವಳು ಜೆರಾಕ್ಸಿಗೆ ಬಂದು ಮಂಗಳೂರಿನ ಒಂದು ಆಸ್ಪತ್ರೆಯ ಚೀಟಿ ಕೊಟ್ಟಳು. ಗಾಜಿನ ಮೇಲೆ ಇಡುವ ಕಾಗದವನ್ನೆಲ್ಲ ಓದುವುದು ನನ್ನ ಕೆಟ್ಟ ಚಾಳಿ. ಔಷಧದ ಹೆಸರುಗಳು ಅರ್ಥವಾಗಲಿಲ್ಲ, ಮೇಲೆ ಅಚ್ಚಾಗಿದ್ದ ಮಾನಸಿಕ ರೋಗ ವಿಭಾಗ ಎನ್ನುವುದು ಅರ್ಥವಾಯಿತು. ತಮ್ಮನ ಹೆಸರಿನ ಮುಂದೆ ವಯಸ್ಸು ಇಪ್ಪತ್ತಾರು ಎಂದಿತ್ತು.

“ಅಣ್ಣ, ಅದನ್ನು ತೆಗೀಲಿಕ್ಕೆ ಆಗುದಿಲ್ವಾ?” ಎಂದಳು.

“ನಾನು ಆಗಲೇ ತೆಗ್ದಿದ್ದೇನೆ ಅಕ್ಕ, ಮರುದಿನವೇ.”

“ಮತ್ತೆ ಅವನ ಫೋನಿಗೆ ಈಗಲೂ ಬರ್ತಾ ಉಂಟಲ್ಲ?”

ಅದು ಹಾಗಲ್ಲ, ಹೀಗೆ ಎಂದು ಫೋನಿನ ವ್ಯವಹಾರವನ್ನು ಅವಳಿಗೆ ವಿವರಿಸತೊಡಗಿದೆ. ಅರ್ಧದಲ್ಲಿ ನನಗೇ ನಾಚಿಕೆಯಾಗಿ ನಿಲ್ಲಿಸಿದೆ. ಅವಳು ನಕಲನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದಳು.

ಈಗ ಅವನು ಮೂಡುಬಿದಿರೆಯಲ್ಲಿ ಸಂಬಂಧಿಕರ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿಂಬಿಗೆ ಹತ್ತಿ ತುಂಬುತ್ತಾನೆ. ಅಲ್ಲಿಗೆ ಗಿರಾಕಿಗಳು ಬರುವುದಿಲ್ಲ. ಬಸ್ಸಿನಲ್ಲಿ ಈಗಲೂ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಾನೆ. ನಾನು ಒಂದು ಕ್ಷಮಾಪಣೆ ಬರೆದುಕೊಂಡು ಅಲ್ಲಿಗೆ ಹೋದೆ, ಪೇಜಿನಲ್ಲಿ ಹಾಕುತ್ತೇನೆ ಎಂದೆ. ಅವನು ಕೈಯ ಹತ್ತಿ ಕೊಡವಿಕೊಂಡು ಓದಿದ. ತುಂಬ ತೆಳ್ಳಗಾಗಿದ್ದ, ಕೈಗಳು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತಿದ್ದವು.

“ಇದನ್ನು ಹಾಕ್ಬೇಡಿ ಅಣ್ಣ. ಈಗ ಸ್ವಲ್ಪ ತಣ್ಣಗಾಗಿದೆ. ನೀವು ಕ್ಷಮೆ ಕೇಳಿದ್ರೆ, ಎಂತಕ್ಕೆ ಕ್ಷಮೆ ಅಂತ ಗೊತ್ತಿಲ್ಲದವ್ರೂ ಹುಡುಕಿ ನೋಡ್ತಾರೆ.”

ನನಗೆ ಅದು ಹೊಳೆದಿರಲಿಲ್ಲ. ತಪ್ಪು ಮಾಡಿದ್ದಕ್ಕಿಂತ, ತಪ್ಪಾಯಿತು ಎಂದು ಹೇಳಲೂ ದಾರಿಯಿಲ್ಲ ಎನ್ನುವುದು ನನ್ನನ್ನು ಆ ದಿನ ಕುಗ್ಗಿಸಿತು. ಹಾಗಾದರೆ ಪೇಜು ಬೇಡ, ಅಚ್ಚಾಗುವ ಪುಸ್ತಕವೊಂದಕ್ಕೆ ಬರೆಯಲಾ ಎಂದು ಕೇಳಿದೆ. ಅವನು “ಕಾಗದದಲ್ಲಿ ಆದ್ರೆ ಆಗ್ಬಹುದು” ಎಂದ. ಬರುವಾಗ ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ ಊಟ ಆಯ್ತಾ ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವನಿಗೆ ಅದು ಗೊತ್ತಾಯಿತು.

ಈ ಬರಹವನ್ನು ಮುಗಿಸಿ, ಪ್ರಿಂಟ್ ತೆಗೆದು, ಕೆಂಪು ಪೆನ್ನಿನ ಜೊತೆ ಅವನಿಗೆ ಕೊಟ್ಟು ಬಂದೆ. ಹೋಟೆಲಿಗೆ ಕರೆಯುವ ಧೈರ್ಯ ಬರಲಿಲ್ಲ. ಹತ್ತು ದಿನದ ಮೇಲೆ ಅವನ ಅಕ್ಕ ಅಂಗಡಿಗೆ ತಂದುಕೊಟ್ಟಳು.

ಏಳು ವರ್ಷದಲ್ಲಿ ಮೊದಲ ಸಲ ಅವನು ಪೆನ್ನಿನ ಮುಚ್ಚಳ ತೆಗೆದಿದ್ದ. ತನ್ನ ಹೆಸರು ಹೊಡೆದಿದ್ದ, ನನ್ನದು, ತಂಡದ್ದು, ಪತ್ರಿಕೆಯದ್ದು, ಮೈದಾನದ್ದು ಎಲ್ಲ ಹೊಡೆದಿದ್ದ. ಊರುಗಳ ಹೆಸರು, ಆಸ್ಪತ್ರೆಯ ಚೀಟಿ, ಹತ್ತಿಯ ಕೋಣೆ, ಇವನ್ನು ಬಿಟ್ಟಿದ್ದ. ಅವನ ಆಟದ ಬಗ್ಗೆ ನಾನು ಬರೆದಿದ್ದ ಪ್ಯಾರಾ ಇತ್ತಲ್ಲ, ಏಳು ವರ್ಷದಲ್ಲಿ ಅವನು ಹಿಡಿದ ಚೆಂಡುಗಳ ಬಗ್ಗೆ ನನಗೆ ನೆನಪಿದ್ದುದನ್ನೆಲ್ಲ ಹಾಕಿ ಬರೆದದ್ದು, ಅದರ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದಿದ್ದ. ಕಾಗದ ಒಂದು ಕಡೆ ಹರಿದಿತ್ತು. ಯಾಕೆ ಎಂದು ಕೇಳುವ ಹಾಗಿಲ್ಲ, ನಿಯಮ ಮಾಡಿದವನು ನಾನೇ.

ಆ ಗೋಲಿನ ವಿವರವನ್ನು ಮಾತ್ರ ಅವನು ಹೊಡೆದಿರಲಿಲ್ಲ. ಫ್ರೀ ಕಿಕ್ಕು, ಪಟ್ಟಿ, ಹಲ್ಲು, ಜಲ್ಲಿಯ ಮೇಲೆ ಪುಟಿದ ಚೆಂಡು, ನಾನು ಕೆಳಗೆ ಬರೆದ ಸಾಲು, ಎಲ್ಲ ಹಾಗೇ ಇತ್ತು. ಒಂದು ಶಬ್ದ ತಿದ್ದಿದ್ದ ಅಷ್ಟೆ. ನಾನು ಬಲಗೈ ಗ್ಲೌಸು ಎಂದು ಬರೆದಿದ್ದೆ. ಅವನು ಅದನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ ಎಡಗೈ ಎಂದು ಬರೆದಿದ್ದ. ಅದನ್ನು ಅವನು ಹೇಳಿದ ಹಾಗೆಯೇ ಸರಿಮಾಡಿ ಹಾಕಿದ್ದೇನೆ.