ನಿಲ್ಲಿಸೋ ಕೀ ಯಾವುದು?

ಮೇಷ್ಟ್ರಮ್ಮನ ಎಡ ಅಂಗೈಯ ಬುಡದಲ್ಲಿ ಒಂದು ಜಡ್ಡು ಇತ್ತು. ಹುಣಸೆಬೀಜದಷ್ಟು ದೊಡ್ಡದು, ಅಷ್ಟೇ ಗಟ್ಟಿ, ಅಷ್ಟೇ ನುಣುಪು. ನಲವತ್ತು ವರ್ಷ ಹಾರ್ಮೋನಿಯಂ ತಿದಿ ಒತ್ತಿ ಒತ್ತಿ ಬಂದದ್ದು. ಲಕ್ವ ಹೊಡೆದು ಆ ಕೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡ ಮೇಲೂ ಜಡ್ಡು ಹೋಗಲಿಲ್ಲ. ಯೋಚನೆಗೆ ಬಿದ್ದಾಗಲೆಲ್ಲ ಬಲಗೈ ಹೆಬ್ಬೆರಳಿನಿಂದ ಅದನ್ನು ಸವರುತ್ತಾ ಕೂರುತ್ತಿದ್ದರು.

ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನ ಹಮಾಲರಿಗೆ, ಮಂಡಿ ಗುಮಾಸ್ತರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದವರು ಅವರು. ಹಾರ್ಮೋನಿಯಂ ಪೆಟ್ಟಿಗೆ ನುಡಿಸಿ ನಾಟಕ ಕಲಿಸುವ ಪೆಟ್ಟಿಗೆ ಮೇಷ್ಟ್ರು ಅಂದರೆ ಗಂಡಸರೇ ಆಗಿದ್ದ ಕಾಲದಲ್ಲಿ ಈಯಮ್ಮ ಪೆಟ್ಟಿಗೆ ಮುಂದೆ ಕೂತಿದ್ದಕ್ಕೆ ಏನು ಕರೆಯಬೇಕೋ ಗೊತ್ತಾಗದೆ ಜನ ‘ಮೇಷ್ಟ್ರಮ್ಮ’ ಅಂದರು, ಅದೇ ನಿಂತಿತು. ಹಾಡುಗಳ ಹಾಳೆ ಜೆರಾಕ್ಸ್ ಮಾಡಿಸೋಕೆ ಬಸ್ ಸ್ಟ್ಯಾಂಡ್ ಪಕ್ಕದ ನನ್ನ ಅಂಗಡಿಗೆ ಬರುತ್ತಿದ್ದರು. ನಾನೋ, ಹೆದರುಪುಕ್ಕಲಿ. ಅಂಗಡಿ ಬಾಗಿಲು ಎಳೆದು ಬೀಗ ಹಾಕಿ, ಅರ್ಧ ದಾರಿ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವವಳು. ಅದನ್ನು ಕಂಡು ಅವರು ನಗುತ್ತಿದ್ದರು. “ಬೀಗಕ್ಕೇ ಬೇಜಾರಾಗ್ತೈತೆ ಬುಡು, ಎಷ್ಟು ಸಲ ಕೇಳ್ತೀಯಾ ಅದನ್ನ!”

ಎಡಗೈ ಬಿದ್ದಾಗ ಮುಂದಿನ ನಾಟಕಕ್ಕೆ ನಲವತ್ತು ದಿನ ಉಳಿದಿತ್ತು. ಪಾತ್ರಧಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತುರುವೇಕೆರೆಯಿಂದ ಬೇರೆ ಮೇಷ್ಟ್ರನ್ನು ಕರೆಸೋಣ ಎನ್ನುವ ಮಾತು ಶುರುವಾಯಿತು. ಅದು ಕಿವಿಗೆ ಬಿದ್ದ ದಿನವೇ ಮೇಷ್ಟ್ರಮ್ಮ ಆಟೋ ಮಾಡಿಕೊಂಡು ನನ್ನ ಅಂಗಡಿಗೆ ಬಂದರು.

“ಬಲಗೈ ನೆಟ್ಟಗೈತೆ ಕಣೇ. ಗಾಳಿ ಹಾಕೋ ಕೈ ಹೋಗೈತೆ, ಅಷ್ಟೇ. ಕಂಪ್ಯೂಟರಿಗೆ ಗಾಳಿ ಬೇಕಾಗಲ್ವಂತಲ್ಲ? ಸಂಗೀತ ನುಡಿಸೋ ಸಾಫ್ಟ್‌ವೇರ್ ಯಾವ್ದಾದ್ರೂ ಹುಡುಕಿ ಹಾಕ್ಕೊಡು. ನನ್ನಂಥ ಹೊಸಬಳಿಗೆ ಆಗೋ ಅಂಥದ್ದು.”

ಅಯ್ಯೋ, ನನಗೇನು ಗೊತ್ತು ಸಂಗೀತದ ಸಾಫ್ಟ್‌ವೇರ್! ಪಹಣಿ ತೆಗೆಯೋದು, ಅರ್ಜಿ ತುಂಬೋದು ಗೊತ್ತು. ಆದರೆ ನಾನು ಆಗಲ್ಲ ಅಂದರೆ ಅವರ ಜಾಗದಲ್ಲಿ ಬೇರೆಯವರು ಬಂದು ಕೂರುತ್ತಾರೆ. ಆಗುತ್ತೆ ಅಂದು ಅದು ಸ್ಟೇಜಿನ ಮೇಲೆ ಕೈಕೊಟ್ಟರೆ, ಇಡೀ ತಿಪಟೂರಿನ ಮುಂದೆ ಅವರ ಮಾನ ಹೋಗುತ್ತದೆ. ಎರಡರ ಮಧ್ಯೆ ಸಿಕ್ಕಿಕೊಂಡು ಒಂದು ವಾರ ಕಳೆದೆ.

ಕೊನೆಗೆ ಸಂಗೀತ ನುಡಿಸುವ ಒಂದು ಪುಟ್ಟ ಕೀಬೋರ್ಡು ತರಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಮೊದಲು ಹಾಕಿದ್ದು ಎಲ್ಲರೂ ಹೊಗಳುವ ದೊಡ್ಡ ಸಾಫ್ಟ್‌ವೇರು. ತೆರೆದರೆ ಪರದೆ ತುಂಬಾ ಗುಂಡಿಗಳು, ಬಣ್ಣದ ಪಟ್ಟಿಗಳು. ಎಲ್ಲಿ ಮುಟ್ಟಿದರೆ ಏನಾಗುತ್ತೋ ಅಂತ ಕೈ ಹಿಂದೆ ತೆಗೆದೆ. ಸಾಲದ್ದಕ್ಕೆ ಪುಕ್ಕಟೆ ಬಳಸೋಕೆ ಕೊಟ್ಟಿದ್ದ ಅವಧಿ ಮುಗಿಯೋದು ಸರಿಯಾಗಿ ನಾಟಕದ ಹಿಂದಿನ ದಿನ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಕೀ ಒತ್ತಿದ ಮೇಲೆ ಸದ್ದು ಚೂರು ತಡವಾಗಿ ಬರುತ್ತಿತ್ತು. ಮೇಷ್ಟ್ರಮ್ಮ ಎರಡು ಸಲ ಒತ್ತಿ ನೋಡಿ, “ಇದೇನೇ, ಸಾಹೇಬ್ರು ಥರ! ಕರೆದು ಎಷ್ಟೊತ್ತಾದ್ಮೇಲೆ ಬರ್ತೈತೆ” ಅಂದರು.

ಎರಡನೆಯದು ಮಕ್ಕಳ ಆಟದ ಹಾಗಿತ್ತು. ಒಂದು ಬಣ್ಣದ ಚೌಕ ಮುಟ್ಟಿದರೆ ಸಾಕು, ಡ್ರಮ್ಮು, ಗಿಟಾರು, ಇಡೀ ಮೇಳವೇ ಬಾರಿಸುತ್ತಿತ್ತು. ನನಗೆ ಬಹಳ ಇಷ್ಟವಾಯಿತು. ನಮ್ಮಂಥವರಿಗೆ ಇದೇ ಸರಿ ಅಂದುಕೊಂಡೆ. ಆದರೆ ಅವರು ನುಡಿಸಿದ್ದನ್ನೆಲ್ಲ ಅದು ತಾನಾಗಿ ತಾಳಕ್ಕೆ ಜೋಡಿಸಿ, ಹಿಂದೆ ಮುಂದೆ ಆದದ್ದನ್ನು ತಿದ್ದಿ ಕೇಳಿಸಿತು. ಮೇಷ್ಟ್ರಮ್ಮನ ಮುಖ ಕೆಂಪಾಯಿತು. “ನಾನು ಬೇಕೂಂತ ಹಿಂದೆ ಹಿಡಿದಿದ್ದೆ. ಇದನ್ನ ಯಾರು ಕೇಳಿದ್ರು ತಿದ್ದು ಅಂತ?”

ಯಾವುದನ್ನು ತೋರಿಸಿದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ. “ನಿಲ್ಲಿಸೋ ಕೀ ಯಾವುದು?” ಶುರು ಮಾಡೋದು ಹೇಗೆ ಅಂತ ಯಾವತ್ತೂ ಕೇಳಲಿಲ್ಲ. ಪಾಪ, ಕಂಪ್ಯೂಟರ್ ಕಂಡು ಹೆದರಿಕೆ ಅಂದುಕೊಂಡೆ. ಹೆದರುವವರು ಇನ್ನೊಬ್ಬರು ಸಿಕ್ಕರಲ್ಲ ಅಂತ ಒಳಗೊಳಗೇ ಸಮಾಧಾನವೂ ಆಯಿತು.

ಕೊನೆಗೆ ಒಪ್ಪಿದ್ದು ಒಂದು ಬೋಳು ಬೋಳಾದ ಸಾಫ್ಟ್‌ವೇರು. ಕಾಸಿಲ್ಲ, ಅವಧಿ ಇಲ್ಲ. ಬೂದು ಬಣ್ಣದ ಪರದೆ, ಹಾರ್ಮೋನಿಯಂ ಸದ್ದು ಒಂದು, ರೆಕಾರ್ಡ್ ಮಾಡೋಕೆ ಒಂದು ಕೆಂಪು ಚುಕ್ಕಿ. ನಿಲ್ಲಿಸೋಕೆ ಲ್ಯಾಪ್‌ಟಾಪಿನ ಕೆಳಗಿನ ಉದ್ದದ ಕೀ, ಸ್ಪೇಸ್ ಬಾರ್. ಮೇಷ್ಟ್ರಮ್ಮ ಹೆಬ್ಬೆರಳಿಂದ ಅದನ್ನು ಹತ್ತು ಸಲ ಒತ್ತಿ ನೋಡಿದರು. “ಇದು ಆಗ್ತೈತೆ. ಕಣ್ಣು ಮುಚ್ಕೊಂಡ್ರೂ ಸಿಗ್ತೈತೆ.”

ಒಂದೇ ಕೊರತೆ ಅಂದರೆ ಉಸಿರು. ತಿದಿಯಲ್ಲಿ ಗಾಳಿ ಏರಿಳಿದ ಹಾಗೆ ಇಲ್ಲಿ ಸದ್ದು ಏರಿಳಿಯಲ್ಲ. ಅದಕ್ಕೆ ನಾನೇ ಪಕ್ಕದಲ್ಲಿ ಕೂತು ವಾಲ್ಯೂಮ್ ಗುಂಡಿ ತಿರುಗಿಸಬೇಕಾಯಿತು. ಅವರು ಗದ್ದ ಎತ್ತಿದರೆ ಜಾಸ್ತಿ, ಇಳಿಸಿದರೆ ಕಮ್ಮಿ. “ನೀನೇ ನನ್ನ ಎಡಗೈ ಈಗ” ಅಂದರು ಒಂದು ದಿನ. ಆ ಮಾತಿಗೆ ಹಿಗ್ಗಬೇಕೋ ನಡುಗಬೇಕೋ ತಿಳಿಯಲಿಲ್ಲ.

ಯಾಕೆಂದರೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವಳು ನಾನು. “ಇನ್ನೊಂದು ಸಲ ಹೊಡೆದರೆ ಬಲಗೈಯೂ ಹೋಗಬಹುದು, ಹುಷಾರು” ಅಂದಿದ್ದರು ಡಾಕ್ಟರು. ಸ್ಟೇಜಿನ ಮೇಲೇ ಹೊಡೆದರೆ? ಈ ಯೋಚನೆ ತಲೆಗೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ. ಪ್ರಾಕ್ಟೀಸಿನಲ್ಲಿ ಅವರಿಗೆ ಹೇಳದೆ ಆ ಕೆಂಪು ಚುಕ್ಕಿ ಒತ್ತಿ ಎಲ್ಲಾ ಹಾಡುಗಳನ್ನೂ ಕದ್ದು ರೆಕಾರ್ಡ್ ಮಾಡಿಕೊಂಡೆ. ಕೈ ನಿಂತರೆ ನಾನು ಹಾಕಿಬಿಡುತ್ತೇನೆ, ಯಾರಿಗೂ ಗೊತ್ತಾಗಲ್ಲ ಅಂತ. ನಡುನಡುವೆ ಸದ್ದಿಲ್ಲದ ಜಾಗಗಳು ಇದ್ದವು. ದಂಡ ಅಂತ ಅವನ್ನೆಲ್ಲ ಕತ್ತರಿಸಿ ಅಂಟಿಸಿದೆ.

ಮಾರ್ಕೆಟ್ಟಿಗೆ ರಜೆಯಿದ್ದ ಒಂದು ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ ನಾಟಕ ಶುರುವಾಯಿತು. ಹಾಲ್ ತುಂಬಿ ಬಾಗಿಲಲ್ಲೂ ಜನ. ಎರಡು ಹಾಡು ಚೆನ್ನಾಗಿ ಹೋಯಿತು. ಮೂರನೆಯದು ಗದೆಯಣ್ಣನದು. ಗದೆ ಹೊರುವ ಪಾತ್ರ ಮಾಡಿ ಮಾಡಿ ಅವನಿಗೆ ಆ ಹೆಸರೇ ಬಿದ್ದಿತ್ತು. ಕಂದಿಕೆರೆಯವನು. ಮಂಡಿಯಲ್ಲಿ ಒಣಕಾಯಿ ಆರಿಸುವ ಕೆಲಸ. ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುವವನು.

ಗದೆಯಣ್ಣ ಬಂದು ನಿಂತ. ಮೇಷ್ಟ್ರಮ್ಮ ಶ್ರುತಿ ಕೊಟ್ಟು ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಅವನು ಹಾಡುತ್ತಿಲ್ಲ, ಇವರು ನುಡಿಸುತ್ತಿಲ್ಲ. ಪ್ರಾಕ್ಟೀಸಿನಲ್ಲಿ ಇಷ್ಟು ಹೊತ್ತು ಆಗಿರಲಿಲ್ಲ. ಹಾಲಿನಲ್ಲಿ ಯಾರೋ ಕೆಮ್ಮಿದರು. ಎತ್ತಿದ ಕೈಯ ಬೆರಳುಗಳು ಸಣ್ಣಗೆ ನಡುಗಿದ್ದು ನನಗೆ ಕಂಡಿತು. ಮುಗೀತು, ಬಲಗೈಯೂ ಹೋಯಿತು ಅಂದುಕೊಂಡೆ. ರೆಕಾರ್ಡ್ ಹಾಕಿಬಿಟ್ಟೆ.

ಸಂಗೀತ ಎಲ್ಲೂ ನಿಲ್ಲದೆ ದಬದಬ ಅಂತ ಓಡಿತು. ಗದೆಯಣ್ಣ ಬೆಚ್ಚಿ ಬಾಯಿ ತೆರೆದ, ಎಲ್ಲಿ ಹಿಡಿಯಬೇಕೋ ತಿಳಿಯದೆ ಗದೆ ಕೆಳಗಿಟ್ಟ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು, ನಗು ಎದ್ದಿತು. ಮೇಷ್ಟ್ರಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈ ಚಾಚಿ ಹೆಬ್ಬೆರಳಿಂದ ಸ್ಪೇಸ್ ಬಾರ್ ಒತ್ತಿದರು.

ಸಂಗೀತ ನಿಂತಿತು. ಅವರು ಒಂದೇ ಬೆರಳಲ್ಲಿ ಷಡ್ಜ ಹಿಡಿದು, ನನ್ನ ಕಡೆ ಮೆಲ್ಲಗೆ ಗದ್ದ ಎತ್ತಿದರು. ಗುಂಡಿ ತಿರುಗಿಸಿದೆ. ಗದೆಯಣ್ಣ ಕತ್ತು ಓರೆ ಮಾಡಿ, ಕಾಯಿ ಸದ್ದು ಕೇಳುವವನ ಹಾಗೆ ನಿಂತ. ನಿಂತೇ ಇದ್ದ. ಶ್ರುತಿ ಕಿವಿಯಲ್ಲಿ ಕೂತ ಮೇಲೆ ಹಾಡಿದ ನೋಡಿ! ಮುಗಿಯುವಷ್ಟರಲ್ಲಿ ಶಿಳ್ಳೆ ಹಾಕಿದ ಬಾಯಿಗಳೇ “ಒನ್ಸ್ ಮೋರ್” ಅಂತ ಕೂಗಿದವು.

ನಾಟಕ ಮುಗಿದ ಮೇಲೆ, ಬಣ್ಣ ಹಚ್ಚುವ ಕೋಣೆಯಲ್ಲಿ ನಾನು ಅಳುತ್ತಾ ನಿಂತಿದ್ದೆ.

“ಕೈ ಬಿದ್ದೋಯ್ತು ಅಂದ್ಕೊಂಡ್ಯಾ?” ಅಂದರು ಮೇಷ್ಟ್ರಮ್ಮ.

“ಹೂಂನಮ್ಮ.”

“ಅವನು ಯಾವಾಗ್ಲೂ ಅಲ್ಲಿ ಕಿವಿಗೊಟ್ಟು ನಿಲ್ತಾನೆ. ನಾನೂ ನಿಲ್ತೀನಿ. ಕೆಂಪು ಚುಕ್ಕಿ ನನಗೂ ಕಾಣ್ತಿತ್ತು ಕಣೇ. ನಿಲ್ಲಿಸೋ ಕೀ ಕೇಳಿದ್ದು ಕಂಪ್ಯೂಟರಿಗೆ ಹೆದರಿ ಅಂದ್ಕೊಂಡಿದ್ಯಾ? ಬೀಗ ಜಗ್ಗೋ ನಿನಗೆ ಹೆದರಿ!” ನಕ್ಕು, ಸೆರಗಿನ ತುದಿ ಕೊಟ್ಟು ಕಣ್ಣು ಒರೆಸಿಕೊ ಅಂದರು. “ಕೈ ಬಿದ್ದಾಗ ನಾನೇ ಹೇಳ್ತೀನಿ ಬುಡು. ಅಲ್ಲೀತಂಕ ತಡ್ಕೊ.”

ಅವರ ಜಾಗಕ್ಕೆ ತುರುವೇಕೆರೆಯಿಂದ ಯಾರೂ ಬರಲಿಲ್ಲ. ಆಮೇಲೆ ಎರಡು ವರ್ಷ, ಐದು ನಾಟಕ ಹಾಗೇ ನಡೆಸಿದೆವು, ಅವರ ಬಲಗೈ ಮತ್ತು ನಾನು. ಈಗಲೂ ಅಂಗಡಿಗೆ ಬಂದು, ಸಂಗೀತ ಕಲಿಯೋಕೆ ಯಾವ ಸಾಫ್ಟ್‌ವೇರ್ ಸುಲಭ ಅಂತ ಕೇಳುವವರಿದ್ದಾರೆ. ಮೊದಲು ನಿಲ್ಲಿಸೋ ಕೀ ಎಲ್ಲಿದೆ ನೋಡಿ ಅನ್ನುತ್ತೇನೆ. ಅವರು ನಗುತ್ತಾರೆ.

ಕಳೆದ ವರ್ಷ ಒಂದು ಬೆಳಗ್ಗೆ ಅಂಗಡಿ ಬಾಗಿಲು ಎತ್ತುತ್ತಿದ್ದಾಗ ಗದೆಯಣ್ಣ ಓಡಿ ಬಂದ. ಉಸಿರು ಸಿಗದೆ ಶಟರ್ ಹಿಡಿದುಕೊಂಡ.

“ಮೇಷ್ಟ್ರಮ್ಮ ನಿಂಗೆ ಹೇಳಾಕೆ ಕಳಿಸವ್ರೆ ಕಣವ್ವ. ಈಗ ಬಿತ್ತಂತೆ, ಕೈ.”

ಲ್ಯಾಪ್‌ಟಾಪು ಕೀಬೋರ್ಡು ಎರಡನ್ನೂ ಎದೆಗೆ ಅವುಚಿಕೊಂಡು ಗದೆಯಣ್ಣನ ಜೊತೆ ಅವರ ಮನೆಗೆ ಹೋದೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ನಾವು ಹೋಗುವಷ್ಟರಲ್ಲಿ ಅವರ ಮಾತು ನಿಂತಿತ್ತು, ಕಣ್ಣು ಮಾತ್ರ ತೆರೆದಿತ್ತು. ಮಂಚದ ಪಕ್ಕ ಕೂತು ಒಂದೇ ಬೆರಳಲ್ಲಿ ಷಡ್ಜ ಒತ್ತಿ ಹಿಡಿದೆ. ಅವರ ಗದ್ದ ಚೂರು ಎದ್ದಿತು. ಗುಂಡಿ ತಿರುಗಿಸಿ ಗಾಳಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಇಳಿಯಿತು, ಕಮ್ಮಿ ಮಾಡಿದೆ. ಮತ್ತೆ ಯಾವಾಗ ಎತ್ತುತ್ತಾರೋ ಅಂತ ಗದ್ದವನ್ನೇ ನೋಡುತ್ತಾ ಕೂತೆ. ಈ ಸಲ ಅವಸರ ಮಾಡಲಿಲ್ಲ. ತಡೆದುಕೊಂಡೆ, ತಡೆದುಕೊಂಡೇ ಇದ್ದೆ.

“ಸಾಕು ಕಣವ್ವ” ಅಂದ ಗದೆಯಣ್ಣ, “ಬೆರಳು ತೆಗಿ.”