ಅಪ್ಪನ ಎಡಗಿವಿಯ ಫೈಲು

ಕೈತಪ್ಪಿ ‘ಅಪ್ಪ’ ಒತ್ತಿದ್ದು. ಕಂಪ್ಯೂಟರಿನ ಪಟ್ಟಿಯಲ್ಲಿ ಇದ್ದದ್ದೇ ಎರಡು ಹೆಸರು, ‘ನಾನು’ ಮತ್ತು ‘ಅಪ್ಪ’, ಒಂದರ ಕೆಳಗೆ ಇನ್ನೊಂದು. ಹೆಡ್‌ಫೋನಿನಲ್ಲಿ ಮಾತಾಡುತ್ತಿದ್ದ ಅಮೆರಿಕದ ಡಾಕ್ಟರು ಇದ್ದಕ್ಕಿದ್ದಂತೆ ನನ್ನ ಎಡಗಿವಿಯೊಳಗೆ ಗಾಜು ಗೀಚತೊಡಗಿದರು. ಸಕಾರಗಳೆಲ್ಲ ಸೂಜಿಯಾದವು. ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲೇ ಕೂತು, ಅಮೆರಿಕದ ಡಾಕ್ಟರುಗಳು ಬಾಯಲ್ಲಿ ಹೇಳಿ ಕಳಿಸಿದ ರೋಗಿಗಳ ವರದಿಗಳನ್ನು ಕೇಳಿ ಟೈಪು ಮಾಡುವುದು ನನ್ನ ಕೆಲಸ. ಹೊರಗೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು. ನನ್ನ ಹೆಡ್‌ಫೋನಿನಲ್ಲಿ ಗಂಡಸರ ದನಿಯೆಲ್ಲ ಕೊಡದೊಳಗಿಂದ ಬಂದಂತೆ ಗುಂಯ್‌ಗುಟ್ಟುತ್ತಿತ್ತು. ನೋಯ್ಡಾದ ಆಫೀಸಿನಲ್ಲಿದ್ದ ಒಬ್ಬ ಒಂದು ಸಿ.ಡಿ. ಕೊಟ್ಟ. ‘ನಿನ್ನ ಹೆಡ್‌ಫೋನ್ ಸುಳ್ಳು ಹೇಳ್ತಿದೆ. ಇದನ್ನ ಹಾಕ್ಕೋ, ಸರಿ ಮಾಡತ್ತೆ’ ಅಂದ. ಅವನು ಮಂಗಳೂರಿನ ಕ್ರೈಸ್ತ. ಮುಂದೆ ನಾನು ಮದುವೆಯಾದದ್ದು ಅವನನ್ನೇ.

ಆ ಸಾಫ್ಟ್‌ವೇರು ಒಂದೊಂದು ಕಿವಿಗೂ ಬೇರೆಬೇರೆಯಾಗಿ, ತಗ್ಗಿನಿಂದ ಏರಿನವರೆಗೆ, ಸಣ್ಣಸಣ್ಣ ಸ್ವರಗಳನ್ನು ಕೇಳಿಸುತ್ತದೆ. ನಡುವಿನ ಒಂದು ಸ್ವರ ಅಳತೆಗೆ. ಮಿಕ್ಕವೆಲ್ಲ ಅದರಷ್ಟೇ ಜೋರಾಗಿ ಕೇಳುವವರೆಗೆ ಪರದೆಯ ಮೇಲಿನ ಗುಂಡಿಯನ್ನು ಮೇಲೆ ಕೆಳಗೆ ಸರಿಸುತ್ತ ಹೋಗಬೇಕು. ಕೊನೆಗೆ ಒಂದು ಅಂಕುಡೊಂಕು ಗೆರೆ ಮೂಡುತ್ತದೆ. ಅಲ್ಲಿಂದ ಮುಂದೆ ಕಂಪ್ಯೂಟರಿನ ಪ್ರತಿ ಸದ್ದೂ ಆ ಗೆರೆಯ ಪ್ರಕಾರ ತಿದ್ದಿಕೊಂಡೇ ಬರುತ್ತದೆ. ಆದರೆ ದೋಷ ಹೆಡ್‌ಫೋನಿನದೋ ಕಿವಿಯದೋ ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ತಿದ್ದಿಬಿಡುತ್ತದೆ.

ನಾನು ಮಾಡುವುದನ್ನು ನೋಡಿ ಅಪ್ಪನಿಗೂ ಆಸೆಯಾಯಿತು. ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ತೋಪುಗಳ ಪಕ್ಕ ನಿಂತ ಮನುಷ್ಯ. ಬೆನ್ನು ನೇರ ಮಾಡಿ, ಮೆಡಿಕಲ್ ಪರೀಕ್ಷೆಗೆ ಬಂದವರ ಹಾಗೆ ಕೂತರು. ಬಲಗಿವಿಯದು ಬೇಗ ಮುಗಿಯಿತು. ಎಡಗಿವಿಯ ಏರುಸ್ವರಗಳು ಬಂದಾಗ ನಾನು ಗುಂಡಿಯನ್ನು ತುದಿಗೆ ತಳ್ಳಿದರೂ ಅಪ್ಪ ಕೇಳಿತೆಂದು ಬೆರಳೆತ್ತಲಿಲ್ಲ.

‘ಎಡಗಡೆ ಸದ್ದೇ ಬರ್ತಿಲ್ವಲ್ಲೇ. ಅಂಗಡಿ ಭಯ್ಯಾ ನಿನಗೆ ಟೋಪಿ ಹಾಕಿದಾನೆ.’

ಹೆಡ್‌ಫೋನನ್ನು ತಿರುವುಮುರುವು ಮಾಡಿ ಹಾಕಿದೆ. ಆಗಲೂ ಎಡಗಿವಿಯೇ.

ಅಡುಗೆಮನೆಯಿಂದ ಅಮ್ಮ, ‘ಅದಕ್ಕೆ ಕಂಪ್ಯೂಟರ್ ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ. ತರಕಾರಿ ತನ್ನಿ ಅಂದ್ರೆ ಬಲಗಿವೀನೂ ಹೋಗತ್ತೆ.’

‘ನೋಡು, ಇದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು’ ಎಂದರು ಅಪ್ಪ.

ಗೆರೆ ಉಳಿಸಿ ‘ಅಪ್ಪ’ ಎಂದು ಹೆಸರಿಟ್ಟೆ. ಅವರ ಮೆಚ್ಚಿನ ಒಂದು ಹಳೆಯ ಹಾಡು ಹಾಕಿದೆ. ಅಪ್ಪ ಅಲ್ಲಾಡದೆ ಕೇಳಿದರು. ‘ಇದರಲ್ಲಿ ಗೆಜ್ಜೆ ಇತ್ತಾ?’ ಎಂದರು. ಮತ್ತೆ ಮೊದಲಿನಿಂದ ಹಾಕಲು ಹೇಳಿದರು. ಆಮೇಲೆ, ‘ಚಲೋ, ನಿನ್ನ ಕೆಲಸ ಮಾಡ್ಕೋ’ ಎಂದು ಎದ್ದು ಹೋದರು.

ಇಷ್ಟೂ ನಡೆದದ್ದು ಹೌದು. ಯಾವಾಗ ನಡೆಯಿತು ಎಂಬಲ್ಲಿ ನಾನು ನಂಬಿಕಸ್ಥಳಲ್ಲ.

ಎರಡು ವರ್ಷ ನನ್ನ ನೆನಪಿನಲ್ಲಿ ಕ್ರಮ ಹೀಗಿತ್ತು. ಮೊದಲು, ಒಂದು ಭಾನುವಾರ, ಪೇಪರು ಓದುತ್ತಿದ್ದ ಅಪ್ಪನ ಪಕ್ಕ ಕೂತು ಆ ಸಿ.ಡಿ. ಕೊಟ್ಟವನನ್ನು ಮದುವೆಯಾಗುತ್ತೇನೆ ಎಂದು ಹೇಳಿದೆ. ಅಪ್ಪ ತಲೆಯೆತ್ತದೆ ‘ಅಚ್ಛಾ’ ಎಂದರು. ಅಮ್ಮ ಎದುರಿಗೆ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಅದಾದ ಮೇಲೆ ಒಂದು ದಿನ ಈ ಕಿವಿಯ ಆಟ. ಆಮೇಲೆ ಆಸ್ಪತ್ರೆ, ಅಪ್ಪನ ಸಾವು. ಮದುವೆ ರಿಜಿಸ್ಟರ್ ಆದದ್ದು ಐದು ತಿಂಗಳ ನಂತರ. ಅವನ ತಾಯಿಗೆ, ನಮ್ಮ ನೆಂಟರಿಗೆ, ಕೇಳದವರಿಗೂ ನಾನು ಒಂದೇ ಮಾತು ಹೇಳುತ್ತಿದ್ದೆ: ಅಪ್ಪನಿಗೆ ಹೇಳಿದ್ದೆ, ಅವರು ಬೇಡ ಅನ್ನಲಿಲ್ಲ. ನನ್ನ ಸಂಸಾರ ಕಾಲೂರಿ ನಿಂತಿದ್ದು ಈ ಮಾತಿನ ಮೇಲೆ. ಅವನು ನಮ್ಮ ಮನೆಗೇ ಬಂದು ನೆಲೆಸಿದ. ಅಮ್ಮ ಅವನಿಗೆ ಬಡಿಸಿದಳು.

ಡಾಕ್ಟರ ದನಿ ಕಿವಿ ಕೊಯ್ದ ಆ ಮಧ್ಯಾಹ್ನ ಫೈಲಿನ ತಾರೀಖು ನೋಡಿದೆ. ಯಾಕೆ ನೋಡಿದೆನೋ. ಅಪ್ಪ ತೀರಿಕೊಳ್ಳುವುದಕ್ಕೆ ಇಪ್ಪತ್ತೊಂಬತ್ತು ದಿನ ಮೊದಲಿನದು. ನಾನು ಮದುವೆಯ ವಿಷಯ ಹೇಳಿದ್ದು ಎಂಟು ದಿನ ಮೊದಲು. ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹೇಳಿದ ಮರುದಿನವೇ ಅವನು ತನ್ನ ಮನೆಯವರಿಗೆ ತಿಳಿಸಲು ಮಂಗಳೂರಿಗೆ ಹೊರಟಿದ್ದ, ಸರಿಯಾಗಿ ವಾರಕ್ಕೆ ಸಾವಿನ ಸುದ್ದಿ ಕೇಳಿ ಓಡಿಬಂದಿದ್ದ.

ಅಂದರೆ ಆಟ ಮೊದಲು, ಮಾತು ಆಮೇಲೆ. ಮಾತಾಡಿದ ದಿನ ಅಪ್ಪನ ಯಾವ ಕಿವಿ ಸತ್ತಿದೆ ಎಂದು ನನಗೆ ಮೂರು ವಾರಗಳಿಂದ ಗೊತ್ತಿತ್ತು.

ಅದು ಜೂನ್ ತಿಂಗಳು. ದೆಹಲಿಯ ಜೂನಿನಲ್ಲಿ ಯಾರು ಸ್ವೆಟರ್ ಹೆಣೆಯುತ್ತಾರೆ? ಆ ಉಣ್ಣೆಯ ಬಣ್ಣ ಕೂಡ ನನಗೆ ನೆನಪಿದೆ, ನೀಲಿ. ಅದನ್ನು ಅಳಿಸಿ ಅಲ್ಲಿ ಕಿಟಕಿಯ ಕೂಲರ್ ಇಡಬೇಕು, ಅದರ ಭೋರೆನ್ನುವ ಸದ್ದು ಇಡಬೇಕು. ಕೂಲರ್ ಇದ್ದದ್ದು ಅಪ್ಪನ ಕುರ್ಚಿಯ ಎಡಕ್ಕೆ.

ಅಪ್ಪನ ಗೆರೆಯನ್ನು ತಲೆಕೆಳಗು ಮಾಡಿದೆ. ಎತ್ತಿದ್ದನ್ನೆಲ್ಲ ಅಷ್ಟೇ ತಗ್ಗಿಸಿದರೆ ಅಪ್ಪನಿಗೆ ಕೇಳುತ್ತಿದ್ದ ಹಾಗೆ ನನಗೂ ಕೇಳಬೇಕು ಎಂಬ ಲೆಕ್ಕ. ಅಂದಿನ ಮಾತನ್ನೇ ಮೈಕಿಗೆ ಹೇಳಿ, ಕೂಲರ್ ಹಾಕಿ, ಎಡಗಿವಿಯಲ್ಲಿ ಕೇಳಿದೆ. ರಜಾಯಿಯೊಳಗೆ ಮುಖ ಹುದುಗಿಸಿ ಯಾರೋ ಗೊಣಗಿದ ಹಾಗಿತ್ತು. ದನಿ ನನ್ನದೇ, ಮಾತಿಲ್ಲ. ಬಲಕ್ಕೆ ಬದಲಿಸಿದೆ. ಅಕ್ಷರ ಅಕ್ಷರವೂ ಬಂತು. ಆದರೆ ಮನುಷ್ಯನ ತಲೆ ಹೆಡ್‌ಫೋನ್ ಅಲ್ಲವಲ್ಲ, ಎಡಕ್ಕೆ ಆಡಿದ್ದು ಬಲಕ್ಕೂ ಒಂದಿಷ್ಟು ದಾಟುತ್ತದೆ. ಆ ಒಂದಿಷ್ಟಕ್ಕೆ ಜೋತುಬಿದ್ದು ನಾಲ್ಕು ದಿನ ಮತ್ತೆ ಮತ್ತೆ ಕೇಳಿದೆ. ನಾಲ್ಕನೆಯ ದಿನ ಗೊಣಗಾಟದೊಳಗೆ ಮಾತು ಕೇಳಿಸತೊಡಗಿತು. ಏನು ಹೇಳಿದ್ದೇನೆ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ, ಕೇಳಿಸದೆ ಏನು?

ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕೇಳಿಯೇಬಿಟ್ಟೆ. ‘ಅಮ್ಮಾ, ಅವತ್ತು ನಾನು ಅಪ್ಪನಿಗೆ ಹೇಳ್ದಾಗ ಯಾವ ಕಡೆ ಕೂತಿದ್ದೆ?’

‘ಕೂಲರ್ ಕಡೆ.’ ಯೋಚಿಸಲೂ ಇಲ್ಲ ಅವಳು. ‘ಅಲ್ಲಿ ಯಾರಾದ್ರೂ ಕೂರ್ತಾರಾ? ಬೆತ್ತದ ಸ್ಟೂಲ್ ಎಳ್ಕೊಂಡು ಹೋಗಿ ಕೂತೆ. ಬಲಗಡೆ ಸೋಫಾ ಖಾಲಿ ಇತ್ತು.’

‘ನೀನು ಯಾಕೆ ಏನೂ ಅನ್ನಲಿಲ್ಲ?’

‘ನೀನು ಯಾಕೆ ಅಲ್ಲಿ ಕೂತೆ?’

ಅವಳು ಇನ್ನೊಂದು ಬೆಳ್ಳುಳ್ಳಿ ಗೆಡ್ಡೆ ಒಡೆದಳು. ಆಮೇಲೆ ಅವಳೇ ಹೇಳಿದಳು. ‘ನೀನು ಎದ್ದು ಹೋದ ಮೇಲೆ ಏನಂದಳು ಅಂತ ನನ್ನ ಕೇಳಿದ್ರು. ನಾನು ಆಫೀಸ್ ವಿಷಯ ಅಂದೆ. ಬಿ.ಪಿ. ಇತ್ತಲ್ಲ, ಬಿಸಿಲು ಬೇರೆ. ನಿಧಾನಕ್ಕೆ ಹೇಳಿದ್ರಾಯ್ತು ಅಂದ್ಕೊಂಡೆ.’

‘ನಂಬಿದ್ರಾ?’

‘ಎರಡು ದಿನ ಬಿಟ್ಟು ಮತ್ತೆ ಕೇಳಿದ್ರು. ಅವಳ ಮುಖ ಯಾಕೆ ಹಾಗಿತ್ತು, ಆಫೀಸಲ್ಲಿ ಯಾರಾದ್ರೂ ಬೈದ್ರಾ ಅಂತ. ಬೇಕಾದ್ರೆ ನಾನು ಬಂದು ಮಾತಾಡ್ತೀನಿ ಅಂತ ಹೇಳು ಅವಳಿಗೆ ಅಂದ್ರು.’ ಅಮ್ಮ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು. ‘ನಾನು ಹೇಳ್ಲಿಲ್ಲ.’

ನನ್ನ ಅನುಮಾನ ಅಮ್ಮನನ್ನೂ ಬಿಡಲಿಲ್ಲ. ಇವಳ ನೆನಪಿಗೆ ಯಾವ ತಾರೀಖಿದೆ? ಆದರೆ ಸುಳ್ಳಾಗಿದ್ದರೆ ಅವಳು ಇದಕ್ಕಿಂತ ಮೃದುವಾದದ್ದನ್ನು ಹೇಳುತ್ತಿದ್ದಳು.

ಸಂಜೆ ಅವನು ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದ. ನಾನು ಹೋಗಿ ಎದುರಿಗೆ ಕೂತೆ. ಪಕ್ಕದಲ್ಲಿ ಅಲ್ಲ.

‘ಅಪ್ಪನಿಗೆ ನಮ್ಮ ವಿಷಯ ಗೊತ್ತಿರಲಿಲ್ಲ’ ಎಂದೆ.

ಅವನ ಕೈಯಲ್ಲಿ ಒಂದು ಶೂ ಇತ್ತು. ‘ಹೇಳಿದ್ದೆ ಅಂದಿದ್ದೆಯಲ್ಲ?’

‘ಹೇಳಿದ್ದೆ. ಕೇಳದ ಹಾಗೆ.’

ಅವನು ಶೂ ಕೆಳಗಿಟ್ಟು, ‘ಮೊದಲಿಂದ ಹೇಳು’ ಎಂದ.